ಡಾಕ್ಟರಮ್ಮನ ನೀಲಿ ನೀರು

ಮನೆ ಬೀಗದ ಕೈ ಹುಡುಕುತ್ತ ಬ್ಯಾಗಿನ ತಳಕ್ಕೆ ಕೈಹಾಕಿದಾಗ ಕಣ್ಣಿಗೆ ಬಿಡುವ ಔಷಧಿಯ ಪುಟ್ಟ ಬಾಟಲಿಯೊಂದು ಸಿಕ್ಕಿತು. ಇನ್ನೂ ಅರ್ಧ ಔಷಧಿಯಿತ್ತು. ಮುಚ್ಚಳ ತೆಗೆದ ಒಂದು ತಿಂಗಳಿಗೆ ಬಿಸಾಡಿಬಿಡಿ ಎಂದು ಆಸ್ಪತ್ರೆಯವರು ಎರಡೆರಡು ಸಲ ಹೇಳಿದ್ದರು. ಆರು ತಿಂಗಳಾಗಿದೆ. ಕಸದ ಬುಟ್ಟಿಯವರೆಗೂ ಹೋದೆ, ಕೈ ಬರಲಿಲ್ಲ. ಅರ್ಧ ಇದೆಯಲ್ಲ, ಕಷ್ಟಕಾಲಕ್ಕೆ ಆಗುತ್ತದೆ ಎಂದುಕೊಂಡು ಮತ್ತೆ ಬ್ಯಾಗಿಗೇ ಹಾಕಿಕೊಂಡೆ. ಹಳೆಯ ಕಣ್ಣಿನ ಔಷಧಿ ಯಾವ ಕಷ್ಟಕ್ಕೆ ಆಗುತ್ತದೆ ಎಂದು ಮಾತ್ರ ನೀವು ಕೇಳಬಾರದು.

ಔಷಧಿ ನನ್ನದಲ್ಲ, ಮೊಳಕಾಲ್ಮೂರಿನಲ್ಲಿರುವ ನನ್ನ ಅಕ್ಕ ರತ್ನಕ್ಕನದು. ಅವಳು ರೇಷ್ಮೆ ಸೀರೆ ನೇಯುವವಳು. ಎರಡು ವರ್ಷದ ಕೆಳಗೆ ಅವಳ ಬಲಗಣ್ಣಿಗೆ ಪೊರೆ ಬಂತು. ಕೂದಲಿಗಿಂತ ತೆಳುವಾದ ಎಳೆಗಳ ಜೊತೆ ದಿನ ಕಳೆಯುವವಳಿಗೆ ಕಣ್ಣು ಮಂಜಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಣ್ಣು ಏನಾಯಿತು ಎಂದು ಹೇಳಲೆಂದೇ ಕೂತಿದ್ದೇನೆ. ಆದರೆ ನೇರ ದಾರಿಯಲ್ಲಿ ಹೋಗಿ ನನಗೆ ಅಭ್ಯಾಸವಿಲ್ಲ. ನಮ್ಮ ಚಳ್ಳಕೆರೆಯ ಬಸ್ಸಿನಂತೆ ಕೈ ತೋರಿಸಿದ ಕಡೆಯೆಲ್ಲ ನಿಲ್ಲಿಸುವವಳು ನಾನು. ಸ್ವಲ್ಪ ಸಹಿಸಿಕೊಳ್ಳಿ.

ಯಾವುದನ್ನೂ ಪೂರ್ತಿ ಬಳಸಿ ಮುಗಿಸದಿರುವುದು ನಮ್ಮ ಸೀಮೆಯ ಕಾಯಿಲೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ನಲ್ಲಿಗೇ ಗೊತ್ತಿಲ್ಲದ ಊರುಗಳು ನಮ್ಮವು. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು, ಕುಕ್ಕರು, ಒಟ್ಟಿನಲ್ಲಿ ತಳ ಎಂಬುದಿರುವ ಪಾತ್ರೆಗಳೆಲ್ಲ ತುಂಬುತ್ತವೆ. ತುಂಬಿಸುವುದು ಸುಲಭ, ಖಾಲಿ ಮಾಡುವುದಕ್ಕೆ ಎದೆಗಾರಿಕೆ ಬೇಕು. ಮೊಳಕಾಲ್ಮೂರಿನ ನಮ್ಮ ತವರಿನ ಬಚ್ಚಲಲ್ಲಿ ಒಂದು ತಾಮ್ರದ ಹಂಡೆಯಿತ್ತು. ಅದರ ಬಾಯಿಗೊಂದು ಹಲಗೆ, ಹಲಗೆಯ ಮೇಲೆ ರುಬ್ಬುಗುಂಡು. ಅದರೊಳಗಿನ ನೀರು ಕಷ್ಟಕಾಲದ್ದು, ಯಾರೂ ಮುಟ್ಟುವಂತಿರಲಿಲ್ಲ. ಹೊಸ ನೀರು ಬಂದ ದಿನ ಅವ್ವ ಹಳೆಯದನ್ನು ಹಿತ್ತಲಿನ ನುಗ್ಗೆಗಿಡಕ್ಕೆ ಸುರಿದು, ಹಂಡೆ ತಿಕ್ಕಿ, ಮತ್ತೆ ತುಂಬಿ, ಮತ್ತೆ ಗುಂಡು ಹೇರುತ್ತಿದ್ದಳು. ನನಗೆ ತಿಳಿದಂತೆ ಆ ಹಂಡೆಯ ನೀರನ್ನು ನುಗ್ಗೆಗಿಡ ಕುಡಿದಷ್ಟು ನಾವು ಕುಡಿದಿಲ್ಲ.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ನೀರು ಬಂದು ಹೋದ ಆರನೆಯ ದಿನ. ಹಂಡೆ ತೆಗೆ ಎಂದು ಅಪ್ಪ ಕಣ್ಸನ್ನೆ ಮಾಡಿದರು. ಅವ್ವ ಜಗ್ಗಲಿಲ್ಲ. "ಮದ್ವೆ ಅನ್ನಾದು ಕಷ್ಟ ಏನ್ರಿ?" ಎಂದು ಒಳಗಿನಿಂದಲೇ ಕೇಳಿದಳು. ಏಳು ಜನಕ್ಕೆ ಕಾಲು ತೊಳೆಯಲು ಎರಡು ಚೊಂಬು ನೀರು ಹೊರಗೆ ಬಂತು. ಹಿರಿಯರೆಲ್ಲ ತೊಳೆದಾದ ಮೇಲೆ ಹುಡುಗನ ಪಾಲಿಗೆ ಉಳಿದದ್ದು ಒಂದು ಕಾಲಿಗಾಗುವಷ್ಟು. ಬಲಗಾಲು ತೊಳೆದುಕೊಂಡು, ಎಡಗಾಲನ್ನು ಪಂಚೆಯೊಳಗೆ ಮರೆಮಾಡಿ ಚಾಪೆಯ ಮೇಲೆ ಕೂತ ಆ ಹುಡುಗನೇ ನಮ್ಮ ತಿಪ್ಪೇಸ್ವಾಮಿ ಭಾವ. ಇಪ್ಪತ್ತೆಂಟು ವರ್ಷವಾದರೂ ನನ್ನನ್ನು ಕಂಡಾಗಲೆಲ್ಲ, "ಏನೇ ಮಂಜಿ, ನಿಮ್ಮನೇರು ಇನ್ನೊಂದು ಕಾಲು ಯಾವಾಗ ತೊಳಸ್ತಾರಂತೆ?" ಎಂದು ಕೇಳುತ್ತಾರೆ. ನಾದಿನಿಯನ್ನು ಕಾಡುವುದು ಭಾವಂದಿರಿಗೆ ಹುಟ್ಟಿನಿಂದ ಬಂದ ಹಕ್ಕು. ನಾನೂ ಬಿಡುವುದಿಲ್ಲ. "ಎರಡೂ ತೊಳಸಿದ್ರೆ ಓಡಿ ಹೋಗ್ತೀರ ಅಂತ ಒಂದು ಉಳಿಸ್ಕಂಡೀವಿ ಭಾವ" ಎನ್ನುತ್ತೇನೆ.

ಭಾವನೂ ನೇಕಾರರೇ. ಬೆನ್ನುನೋವೆಂದು ಬಹಳ ಹಿಂದೆಯೇ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದ ಮೇಲೆದ್ದರು. ಅಂದಿನಿಂದ ಆ ಮನೆಯಲ್ಲಿ ಮಗ್ಗ ಅಕ್ಕನದು, ಮಾತು ಭಾವನದು. ಅಂಗಡಿಯಿಂದ ನೂಲು ತರುವುದು, ನೇಯ್ದಾದ ಸೀರೆಯನ್ನು ಮುಟ್ಟಿಸಿ ಬರುವುದು, ದಾರಿಯಲ್ಲಿ ಸಿಕ್ಕವರ ಜೊತೆ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವುದು ಅವರ ಕೆಲಸ. ಮಕ್ಕಳಿಲ್ಲ. ಹತ್ತಿರದವಳೆಂದರೆ ಚಳ್ಳಕೆರೆಗೆ ಸೊಸೆಯಾಗಿ ಬಂದ ನಾನೊಬ್ಬಳೇ.

ಇನ್ನು ನಾವು ಮೊಬೈಲಿನಲ್ಲಿ ಆಡುತ್ತಿದ್ದ ಒಂದು ಆಟದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಎದುರು ಸಾಲಿನಲ್ಲಿ ಖಲೀಲನ ಗ್ಯಾರೇಜಿದೆ. ಟ್ರಾಕ್ಟರಿನ ಕೆಳಗೆ ಅಂಗಾತ ಮಲಗಿಯೇ ಹಗಲು ಕಳೆಯುವವನು. ಒಂದು ದಿನ ಜಾಕು ಜಾರಿ ಕಾಲಿಗೆ ಪೆಟ್ಟಾಗಿ, ಎರಡು ತಿಂಗಳು ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗುವ ಹಾಗಾಯಿತು. ಬ್ರೆಡ್ಡು ಹಿಡಿದುಕೊಂಡು ನೋಡಲು ಹೋದವಳ ಮುಂದೆ ಮೊಬೈಲು ಹಿಡಿದ.

"ಒಂದು ಆಟ ಐತೆ ಮಂಜುಳಕ್ಕ. ಮೂರು ಜನ ಬೇಕು. ನಾನೊಬ್ನೇ ಹೋದ್ರೆ ಬರೀ ಸಾಯ್ತೀನಿ" ಎಂದ.

ಕಾಲು ಮುರಿದವನ ಬಾಯಲ್ಲಿ ಸಾಯುವ ಮಾತು ಬಂದರೆ ಇಲ್ಲ ಎನ್ನುವುದು ಹೇಗೆ? ಮೂರನೆಯವರಾಗಿ ಭಾವ ಫೋನಿನಲ್ಲೇ ಒಪ್ಪಿದರು. ಆಟ ಯಾವುದು, ಆಡುವುದು ಹೇಗೆ ಎಂದು ಒಪ್ಪಿದ ಮೇಲೆ ಕೇಳಿದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆಟದೊಳಗೆ ಒಂದು ಮಾಯಾಲೋಕ. ಗುಹೆ, ಕೋಟೆ, ಹುಲ್ಲುಗಾವಲು, ಅಲ್ಲಲ್ಲಿ ರಾಕ್ಷಸರು. ಆಡುವವರು ಗುಂಪು ಕಟ್ಟಿಕೊಂಡು ಹೋಗಬೇಕು. ಒಬ್ಬ ಕತ್ತಿ ಹಿಡಿದು ಮುಂದೆ ನಿಂತು ಏಟು ತಿನ್ನುವವನು, ಇನ್ನೊಬ್ಬ ದೂರದಿಂದ ಬಾಣ ಬಿಡುವವನು. ಮೂರನೆಯವನು ಹೀಲರ್, ಅಂದರೆ ಗಾಯ ವಾಸಿಮಾಡುವ ವೈದ್ಯ. ಅವನ ಕೈಯಲ್ಲೊಂದು ಕೋಲು. ಗಾಯಗೊಂಡವನ ಕಡೆ ಅದನ್ನು ಎತ್ತಿ ಮಂತ್ರ ಹಾಕಿದರೆ ಹಸಿರು ಬೆಳಕು ಬಿದ್ದು ಗಾಯ ಮಾಯುತ್ತದೆ, ಸತ್ತವನನ್ನು ಮಾತ್ರ ಅದು ಎಬ್ಬಿಸಲಾರದು. ಮಂತ್ರವೇನೂ ಪುಕ್ಕಟೆಯಲ್ಲ. ವೈದ್ಯನ ತಲೆಯ ಮೇಲೆ ಶಕ್ತಿಯ ನೀಲಿ ಪಟ್ಟಿಯೊಂದಿರುತ್ತದೆ. ಪ್ರತಿ ಮಂತ್ರಕ್ಕೂ ಅದು ಒಂದಿಷ್ಟು ಇಳಿಯುತ್ತದೆ, ಸುಮ್ಮನೆ ನಿಂತು ಸುಧಾರಿಸಿಕೊಂಡರೆ ಮೆಲ್ಲಗೆ ತುಂಬುತ್ತದೆ.

"ಕತ್ತಿ ನಂದು" ಎಂದರು ಭಾವ. "ಬಾಣ ನಂದು" ಎಂದ ಖಲೀಲ. ಕೋಲು ಯಾರಿಗೂ ಬೇಡವಾಗಿ ಉಳಿಯಿತು. "ಮಂಜುಳಕ್ಕ, ನೀವು ಹೆಂಗಸರು, ಮೆತ್ತಗಿರ್ತೀರ. ಡಾಕ್ಟರಮ್ಮ ಆಗ್ರಿ" ಎಂದು ಖಲೀಲ ತೀರ್ಪು ಕೊಟ್ಟ. ಪಿಯು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತೆಯಾಗಿರುವ ನನ್ನನ್ನು ಮೆತ್ತಗೆ ಎಂದವನು ಇಡೀ ಚಳ್ಳಕೆರೆಯಲ್ಲಿ ಅವನೊಬ್ಬನೇ. ನಮ್ಮ ಪ್ರಿನ್ಸಿಪಾಲರು ಕೇಳಿಸಿಕೊಂಡಿದ್ದರೆ ಅವನ ಇನ್ನೊಂದು ಕಾಲಿನ ಬಗ್ಗೆಯೂ ಮರುಕಪಡುತ್ತಿದ್ದರು.

ಹೀಲರಿನ ಹಣೆಬರಹ ಅಡುಗೆಯ ಉಪ್ಪಿನದು. ಇದ್ದಾಗ ಯಾರೂ ಹೆಸರೆತ್ತುವುದಿಲ್ಲ, ಇಲ್ಲದಾಗ ಎಲ್ಲರೂ ಎತ್ತುತ್ತಾರೆ. ರಾಕ್ಷಸ ಸತ್ತರೆ ಭಾವ, "ಹೆಂಗೆ ಹೊಡದೆ ನೋಡ್ದೇನೋ ಖಲೀಲಾ!" ಎನ್ನುವರು. ಭಾವ ಸತ್ತರೆ ಇಬ್ಬರೂ ಸೇರಿ, "ಮಂಜುಳಾ ಎಲ್ಲಿ?" ಎನ್ನುವರು. ಆದರೂ ನಿಜ ಹೇಳಿಬಿಡುತ್ತೇನೆ, ನಮ್ಮ ಗುಂಪಿನಲ್ಲಿ ಆ ಬೈಗುಳ ನನಗೆ ಸಲ್ಲತಕ್ಕದ್ದೇ ಆಗಿತ್ತು.

ತಪ್ಪು ಶುರುವಾದದ್ದು ಭಾವನಿಂದ. ಆ ನೀಲಿ ಪಟ್ಟಿಗೆ ಅವರು ನೀರು ಎಂದು ಹೆಸರಿಟ್ಟರು. ನೀಲಿಯಾಗಿತ್ತು, ಏರುತ್ತಿತ್ತು, ಇಳಿಯುತ್ತಿತ್ತು, ನೀರೆನ್ನದೆ ಇನ್ನೇನು ಅನ್ನುವುದು? ಆದರೆ ಒಮ್ಮೆ ನೀರು ಎಂದ ಮೇಲೆ ನನ್ನ ಕೈ ಓಡಲಿಲ್ಲ. ತುಂಬಿದ ಪಟ್ಟಿ ನೋಡಿದರೆ ನೀರು ಬಂದ ದಿನದ ನೆಮ್ಮದಿ. ಅದು ಬೆರಳಷ್ಟು ಇಳಿದರೂ ಕೋಲು ಇಳಿಸಿ, ಮತ್ತೆ ತುಂಬುವುದನ್ನೇ ಕಾಯುತ್ತಿದ್ದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಫೋನಿನ ಸ್ಪೀಕರ್ ಹಾಕಿಕೊಂಡು ಕೂರುತ್ತಿದ್ದೆವು. ನಮ್ಮ ಯುದ್ಧ ನಡೆಯುತ್ತಿದ್ದದ್ದು ಹೀಗೆ:

"ಮಂಜುಳಕ್ಕಾ, ನೀರು! ಜಲ್ದಿ ಜಲ್ದಿ!"

"ತಡಿಯಪ್ಪ ಖಲೀಲ, ಇನ್ನೂ ಜೀವ ಐತಲ್ಲ ನಿಂಗೆ."

"ಏ ಮಂಜೀ, ನಂಗೆ ಹಾಕೇ, ಒಂದೇ ಒಂದು ತೊಟ್ಟು!"

"ಇದಕ್ಕಿಂತ ದೊಡ್ಡ ಗಾಯ ಆದ್ರೆ ಆಮೇಲೇನ್ ಮಾಡ್ತೀರ ಭಾವ? ಸ್ವಲ್ಪ ತಡಕಳ್ರಿ."

ದೊಡ್ಡ ಗಾಯಕ್ಕೆಂದು ನಾನು ಕಾಯುತ್ತಿರುವಾಗ ಚಿಕ್ಕ ಗಾಯದಲ್ಲೇ ಅವರ ಕಥೆ ಮುಗಿಯುತ್ತಿತ್ತು. ಭಾವ ಗಡಿಯೂರಿನವರು. ಬದುಕುವುದು ಕನ್ನಡದಲ್ಲಿ, ಸಾಯುವುದು ಮಾತ್ರ ತೆಲುಗಿನಲ್ಲಿ. "ಅಯ್ಯೋ, ಚಚ್ಚಿಪೋಯಾನೇ!" ಎಂದು ಅವರು ಕೂಗಿಕೊಂಡರೆ, ಮಗ್ಗದ ಸದ್ದಿನ ನಡುವಿನಿಂದ ಅಕ್ಕನ ದನಿ ಕೇಳುತ್ತಿತ್ತು. "ಇವತ್ತೂ ಸತ್ರೇನ್ರಿ? ಸರಿ, ಎದ್ದು ಹೋಗಿ ಹಾಲು ತರ್ರಿ."

"ಮಂಜುಳಕ್ಕ, ಆ ನೀರು ಯಾರ ಮದ್ವೆಗೆ ಇಟ್ಟೀರಿ?" ಎಂದು ಖಲೀಲ ಪ್ರತಿವಾರ ಕೇಳುತ್ತಿದ್ದ.

"ಅವರ ಮನೇಲಿ ಮದ್ವೆಗೂ ಕೊಡಲ್ಲ ಕಣಪ್ಪ, ನನ್ನ ಕೇಳು" ಎನ್ನುತ್ತಿದ್ದರು ಭಾವ.

ಆಟದಲ್ಲೊಂದು ಹುಲ್ಲುಗಾವಲು ಬರುತ್ತಿತ್ತು. ಕಣ್ಣು ಹಾಯುವಷ್ಟು ದೂರ ಹುಲ್ಲು, ಮರವಿಲ್ಲ, ಮನುಷ್ಯರಿಲ್ಲ. "ನಮ್ ದೊಡ್ಡಉಳ್ಳಾರ್ತಿ ಕಾವಲ್ ಇದ್ದಂಗೇ ಐತೆ ನೋಡ್ರಿ. ಕುರಿಯೋರು ಒಬ್ರೂ ಕಾಣ್ತಿಲ್ಲ" ಎಂದ ಖಲೀಲ. "ನಮ್ ಕಾವಲಿಗೆ ಹಾಕ್ದಂಗೆ ಇಲ್ಲೂ ಸರ್ಕಾರದೋರು ಬೇಲಿ ಹಾಕಿರ್ತಾರೆ ಬಿಡೋ" ಎಂದರು ಭಾವ. ನಗುತ್ತ ಅಲ್ಲೂ ಸತ್ತೆವು.

ಅತ್ತ ಮಗ್ಗದ ಮುಂದೆ ಬೆಳಕು ಸಾಲದೆ ಅಕ್ಕ ಮೊದಲು ಬಲ್ಬಿಗೆ ಬೈದಳು. ಮೂರು ಸಲ ಬಲ್ಬು ಬದಲಾಯಿಸಿದ ಮೇಲೆ ಕರೆಂಟಿನವರಿಗೆ ಬೈದಳು. ಕೊನೆಗೆ ಕೆಂಪು ನೂಲನ್ನೂ ಕಂದು ನೂಲನ್ನೂ ಬೆಳಕಿಗೆ ಹಿಡಿದು ಯಾವುದು ಯಾವುದೆಂದು ಭಾವನನ್ನು ಕೇಳಿದ ದಿನ ಇಬ್ಬರೂ ಆಸ್ಪತ್ರೆಗೆ ಹೊರಟರಂತೆ. ಕಣ್ಣಿನ ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗಬೇಕು, ಬಹಳ ಬಲಿಯಲು ಬಿಟ್ಟರೆ ಕಷ್ಟ ಎಂದರು. ಆದ ಮೇಲೆ ಹದಿನೈದು ದಿನ ಯಾರಾದರೂ ಜೊತೆಗಿರಬೇಕು. ಹೊತ್ತು ಹೊತ್ತಿಗೆ ಔಷಧಿ ಬಿಡಬೇಕು, ಬಗ್ಗಬಾರದು, ಒಲೆಯ ಮುಂದೆ ಹೋಗಬಾರದು, ಕಣ್ಣಿಗೆ ನೀರು ಸೋಕಬಾರದು.

ಡಾಕ್ಟರು ಒಬ್ಬರೇ ಇದ್ದರೆ ಸರಿ. ನಮ್ಮ ಕಡೆ ಎಲ್ಲರೂ ಡಾಕ್ಟರೇ. ಮೊಳಕಾಲ್ಮೂರಿನ ಬಸ್ಸಿನಲ್ಲಿ ಅಕ್ಕನ ಕಣ್ಣಿನ ವಿಷಯ ಬಾಯಿಬಿಟ್ಟೆ ನೋಡಿ, ಮುಂದಿನ ಸೀಟಿನ ಅಜ್ಜಿ ನಂದಿಬಟ್ಟಲ ಹೂವು ಕಟ್ಟಿ ಎಂದಳು. ಪಕ್ಕದವಳು ಜೇನುತುಪ್ಪ ಎಂದಳು. ಕಂಡಕ್ಟರು ಟಿಕೆಟ್ ಹರಿಯುತ್ತ, "ಅವೆಲ್ಲ ಬ್ಯಾಡ್ರಿ, ಕ್ಯಾರೆಟ್ ತಿನ್ನಿಸ್ರಿ" ಎಂದ. ಅವನ ಮೂಗಿನ ಮೇಲಿದ್ದ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪವಿತ್ತು.

ಅಕ್ಕ ಫೋನು ಮಾಡಿದಳು. "ನೀನು ಬಂದು ಹದಿನೈದು ದಿನ ಇರ್ತೀಯ ಅಂದ್ರೆ ಮಾಡಿಸ್ಕಂತೀನಿ ಕಣೇ."

ಬರುತ್ತೇನೆ ಎಂದು ತಕ್ಷಣ ಹೇಳಬೇಕಿತ್ತು. ಇಪ್ಪತ್ತು ವರ್ಷದಲ್ಲಿ ನಾನು ಉಳಿಸಿಟ್ಟ ರಜೆಗೆ ಬರವಿರಲಿಲ್ಲ. ಜ್ವರ ಬಂದರೆ ಭಾನುವಾರ ನೋಡಿಕೊಂಡು ಮಲಗುವವಳು ನಾನು. ರಜೆ ಕಷ್ಟಕಾಲಕ್ಕಿರಲಿ ಎಂದು ಕೂಡಿಟ್ಟದ್ದು. ಆದರೆ ಬಾಯಿಂದ ಬಂದದ್ದು ಬೇರೆ. "ಈಗ ಅಡ್ಮಿಷನ್ ಟೈಮು ಅಕ್ಕ. ಅದೊಂದು ಮುಗೀಲಿ."

"ಆಯ್ತು ಬಿಡೇ. ನಂಗೂ ಈ ಸೀರೆ ಮುಗೀಬೇಕು" ಎಂದಳು.

ಅಡ್ಮಿಷನ್ ಮುಗಿಯಿತು, ಮಧ್ಯಾವಧಿ ಪರೀಕ್ಷೆ ಬಂತು. ಪರೀಕ್ಷೆ ಮುಗಿಯಿತು, ಆಡಿಟ್ಟು ಬಂತು. ಮೂರು ಸಲ ಕೇಳಿದಳು, ಮೂರು ಸಲ ಆಮೇಲೆ ಎಂದೆ. ನಾನಿಲ್ಲದಿದ್ದರೆ ಕಾಲೇಜಿನ ಗೋಡೆ ಬೀಳುತ್ತದೆ ಎಂದು ನಂಬಿದ್ದೆನೇ? ಅದೂ ಇಲ್ಲ. ಇದಕ್ಕಿಂತ ದೊಡ್ಡ ಕಷ್ಟ ನಾಳೆ ಬಂದರೆ ಎಂಬ ಅದೇ ಹಂಡೆಯ ಬುದ್ಧಿ. ಅಕ್ಕನ ಕಣ್ಣಿಗಿಂತ ದೊಡ್ಡದು ಏನು ಬರಬೇಕಿತ್ತೋ ದೇವರಿಗೇ ಗೊತ್ತು.

ದಸರಾ ಆದಮೇಲಿನ ಒಂದು ಭಾನುವಾರ. ಆಟದಲ್ಲಿ ನಮಗೆ ಆವರೆಗೆ ಎದುರಾಗದ ಒಬ್ಬ ರಾಕ್ಷಸ ಬಂದ. ಭಾವ ಎಂದಿನಂತೆ ಹಿಂದೆ ಮುಂದೆ ನೋಡದೆ ನುಗ್ಗಿದರು, ಎಂದಿನಂತೆ ತೊಟ್ಟು ನೀರಿಗೆ ಬೊಬ್ಬೆ ಹೊಡೆದರು, ಎಂದಿನಂತೆ ತೆಲುಗಿನಲ್ಲಿ ತೀರಿಕೊಂಡರು. ಹಿಂದೆಯೇ ಖಲೀಲನೂ "ತೌಬಾ ತೌಬಾ" ಎನ್ನುತ್ತ ಬಿದ್ದ. ಉಳಿದವಳು ನಾನು. ನೀಲಿ ಪಟ್ಟಿ ಅಂಚಿನವರೆಗೆ ತುಂಬಿತ್ತು. ಓಡಬೇಕೆಂದುಕೊಂಡೆ, ಆ ರಾಕ್ಷಸ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕತ್ತಿಯಿಲ್ಲ, ಬಾಣವಿಲ್ಲ, ವಾಸಿಮಾಡಲು ಯಾರೂ ಉಳಿದಿಲ್ಲ. ನನ್ನಿಂದ ಅವನಿಗೆ ಏನು ಭಯ? ಅವನು ಒಂದು ಕಡೆ, ನಾನು ಒಂದು ಕಡೆ ಸುಮ್ಮನೆ ನಿಂತುಕೊಂಡೆವು.

ಫೋನಿನಲ್ಲಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. "ಮಂಜುಳಕ್ಕ, ನೀರು ಪೂರಾ ಐತಲ್ರಿ! ಈಗ ಅವನಿಗೇ ಸ್ನಾನ ಮಾಡಿಸ್ರಿ!" ಎಂದ ಖಲೀಲ. ನನಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ನಗುವಿನ ಹಿಂದೆ ಅಕ್ಕನ ಮಗ್ಗದ ಸದ್ದು ಕೇಳುತ್ತಿತ್ತು. ಮೊದಲೆಲ್ಲ ಒಂದೇ ಸಮನೆ ಬರುತ್ತಿದ್ದ ಸದ್ದು ಈಗ ತಡವರಿಸುತ್ತಿತ್ತು. ಲಾಳಿ ಒಮ್ಮೆ ಓಡಿದರೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಮ್ಮೆ. ಇಷ್ಟು ದಿನ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ, ಬಿದ್ದರೂ ಹಾಕಿಕೊಂಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ರಜೆಯ ಅರ್ಜಿ ಕೊಟ್ಟೆ. ಸೂಪರಿಂಟೆಂಡೆಂಟರು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, "ಏನಾದ್ರೂ ತೊಂದ್ರೆನಾ ಮಂಜುಳಾ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಮೆಲ್ಲಗೆ ಕೇಳಿದರು. ರಾಜೀನಾಮೆಯನ್ನಾದರೂ ನಂಬುತ್ತಿದ್ದರು, ನನ್ನಿಂದ ರಜೆಯ ಅರ್ಜಿಯನ್ನು ನಂಬಲು ಅವರಿಗೆ ಕಷ್ಟವಾಯಿತು.

ಆಪರೇಷನ್ನಿಗೆ ಎರಡು ದಿನ ಮೊದಲೇ ಮೊಳಕಾಲ್ಮೂರಿಗೆ ಹೋದೆ. ಮರುದಿನ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಟೀ ಲೋಟ ಹಿಡಿದುಕೊಂಡು ನಾನು ಮಗ್ಗದ ಕೋಣೆಗೆ ಬಂದರೆ, ಭಾವ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಎರಡು ತುಟಿಯ ನಡುವೆ ಸೂಜಿ. ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನೇಕಾರರ ಮನೆಯ ಮಗಳಾದ ನನಗೆ ಅವರೇನು ಮಾಡುತ್ತಿದ್ದಾರೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಸಾವಿರಾರು ಎಳೆಗಳಲ್ಲಿ ಆಗಾಗ ಒಂದು ಹರಿಯುತ್ತದೆ. ನೇಯುವವರು ಕಂಡ ಕೂಡಲೇ ನಿಲ್ಲಿಸಿ ಗಂಟು ಹಾಕಬೇಕು. ಕಾಣದೆ ನೇಯ್ದರೆ ಸೀರೆಯ ಉದ್ದಕ್ಕೂ ಒಂದು ಸಣ್ಣ ಗೀರು ಉಳಿಯುತ್ತದೆ. ಅಕ್ಕನಿಗೆ ಕಾಣುತ್ತಿರಲಿಲ್ಲ. ಹಿಂದಿನ ದಿನ ಹರಿದ ಎಳೆಗಳನ್ನು ಭಾವ ಒಂದೊಂದಾಗಿ ಹುಡುಕಿ ಕೂಡಿಸುತ್ತಿದ್ದರು. ಆಗಲೇ ನೇಯ್ದು ಹೋದ ಕಡೆ, ತಪ್ಪಿದ ಎಳೆಯ ಜಾಗಕ್ಕೆ ಸೂಜಿಯಿಂದ ಹೊಸ ಎಳೆ ತೂರಿಸುತ್ತಿದ್ದರು.

ನನ್ನನ್ನು ಕಂಡು ಗಾಬರಿಯಾಗಿ ಸೂಜಿ ತೆಗೆದರು. "ಹೇಳ್ಬ್ಯಾಡ ಕಣೇ ಮಂಜಿ."

"ಎಷ್ಟು ದಿನದಿಂದ ಭಾವ?"

"ಯುಗಾದಿಯಿಂದ. ನಿಮ್ಮಕ್ಕಂದು ಒಂಬತ್ತು ಚೊಂಬಿನ ಸ್ನಾನ. ಏಳನೇದು ಸುರಿಯೋ ಹೊತ್ತಿಗೆ ನಾನು ಎದ್ದಿರ್ಬೇಕು."

"ಬೆನ್ನು?"

"ಬೆನ್ನು ಎಲ್ಲಿಗೆ ಹೋಗ್ತತೆ, ಅಲ್ಲೇ ಐತೆ" ಎಂದು ಬಚ್ಚಲಿನ ಕಡೆ ಕಿವಿಗೊಟ್ಟು, ದನಿ ತಗ್ಗಿಸಿದರು. "ನೇಯ್ದಿದ್ದು ಕೆಡ್ತಾ ಐತೆ ಅಂತ ಅವಳಿಗೆ ಗೊತ್ತಾದ್ರೆ ಮುಗೀತು ಕಣೇ. ಕಣ್ಣು ಬಂದ್ರೂ ಧೈರ್ಯ ಬರಲ್ಲ. ಆಮೇಲೆ ಮಗ್ಗ ಮುಟ್ಟಲ್ಲ ಅವಳು."

ಬಚ್ಚಲಲ್ಲಿ ಚೊಂಬಿನ ಸದ್ದಾಯಿತು. ಬೆನ್ನಿಗೆ ಕೈಕೊಟ್ಟುಕೊಂಡು ಎದ್ದು, ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ, ಅಂಗಳಕ್ಕೆ ಹೋಗಿ ಪೇಪರು ಬಿಡಿಸಿದರು. ಅಕ್ಕ ಬಂದಾಗ ಯಾರದೋ ರಾಜಕೀಯ ಜರಿಯುತ್ತಿದ್ದರು. ಆಟದಲ್ಲಿ ಕೋಲು ಹಿಡಿದವಳು ನಾನು, ಡಾಕ್ಟರಮ್ಮ ಎನ್ನಿಸಿಕೊಂಡವಳು ನಾನು. ಭಾನುವಾರ ತೊಟ್ಟು ನೀರಿಗೆ ಬಾಯಿಬಾಯಿ ಬಡಿದುಕೊಳ್ಳುತ್ತಿದ್ದ ಈ ಮನುಷ್ಯ, ವಾರದ ಎಲ್ಲಾ ಬೆಳಿಗ್ಗೆಯೂ ಹೆಂಡತಿಗೆ ತಿಳಿಯದಂತೆ ಅವಳ ಕಣ್ಣಾಗಿದ್ದರು. ಅವರ ಮೇಲೆ ನನಗೆ ಎಂದೂ ಇಲ್ಲದಷ್ಟು ಗೌರವ ಬಂತು. ಅದನ್ನು ತೋರಿಸಿಕೊಂಡರೆ ತಲೆಯ ಮೇಲೆ ಕೂರುತ್ತಾರೆಂದು ತೋರಿಸಿಕೊಳ್ಳಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ಕಿಟಕಿ ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಭಾವನನ್ನು ಬಹಳ ಹೊತ್ತು ನೋಡಿದಳು. "ಇಷ್ಟು ಮುದುಕ ಯಾವಾಗ ಆದ್ರಿ ನೀವು?" ಎಂದಳು. ಭಾವ ತಲೆಗೂದಲು ಸವರಿಕೊಂಡು, "ಆಸ್ಪತ್ರೆ ಲೈಟು ಸರಿಯಿಲ್ಲ" ಎಂದರು.

ಹದಿನೈದು ದಿನ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಮಹಾರಾಣಿಯಂತೆ ಕೂತಳು. ಭಾವ ಮುದ್ದೆ ತಿರುವಿದರು, ಗಂಟು ಗಂಟಾಗಿದ್ದ ಆ ಮುದ್ದೆಯನ್ನು ನಾವು ಹೊಗಳಿಕೊಂಡು ನುಂಗಿದೆವು. ಔಷಧಿ ಬಿಡುವ ಕೆಲಸ ನನ್ನದು. ಒಂದು ಸಲಕ್ಕೆ ಒಂದೇ ಹನಿ ಎಂದಿದ್ದರು, ನನಗೆ ಹೇಳಿ ಮಾಡಿಸಿದ ಕೆಲಸ. ಆದರೂ ಅಕ್ಕ, "ಸರಿಯಾಗಿ ಬಿಡೇ, ಒಳಗೆ ಬಿತ್ತೋ ಇಲ್ವೋ" ಎನ್ನುತ್ತಿದ್ದಳು. ಒಂದು ಹೊತ್ತೂ ತಪ್ಪಿಸಲಿಲ್ಲ ಎಂದು ಮಾತ್ರ ಎದೆ ತಟ್ಟಿ ಹೇಳಬಲ್ಲೆ.

ಮಗ್ಗಕ್ಕೆ ಕೂರಬಹುದು ಎಂದು ಡಾಕ್ಟರು ಹೇಳಿದ್ದು ಒಂದೂವರೆ ತಿಂಗಳ ಮೇಲೆ. ಆ ಶನಿವಾರ ಸಂಜೆ ಮತ್ತೆ ಹೋದೆ. ಅಕ್ಕ ಕೂತವಳು ಲಾಳಿ ಮುಟ್ಟಲಿಲ್ಲ. ದಿಂಡಿಗೆ ಸುತ್ತಿದ್ದ ಸೀರೆಯನ್ನು ಬಿಡಿಸಿ, ಅಂದು ಅರ್ಧಕ್ಕೆ ಬಿಟ್ಟದ್ದನ್ನು ಗೇಣು ಗೇಣಾಗಿ ನೋಡತೊಡಗಿದಳು. ಭಾವ ಮೊಬೈಲು ಕಿವಿಗಿಟ್ಟುಕೊಂಡು ಅಂಗಳಕ್ಕೆ ಜಾರಿದರು. ಅತ್ತ ಯಾರೂ ಮಾತಾಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಈಗ ಗಂಟುಗಳು ಕಾಣುತ್ತವೆ, ಇವಳ ಧೈರ್ಯ ಹೋಗುತ್ತದೆ ಎಂದು ಏನೇನೋ ಮಾತು ತೆಗೆದೆ. ಅಕ್ಕ ಕಿವಿಗೊಡಲಿಲ್ಲ.

"ನಿಮ್ಮ ಭಾವ ಎಡಚ ಕಣೇ" ಎಂದಳು ಕೊನೆಗೆ. "ಅವರು ಹೊಸೆದ ಗಂಟು ಆ ಕಡೆಗೆ ತಿರುಗಿರ್ತತೆ, ನಂದು ಈ ಕಡೆಗೆ. ಬಾ ಇಲ್ಲಿ, ಮುಟ್ಟಿ ನೋಡು."

"ಅಂದ್ರೆ ನಿಂಗೆ ಗೊತ್ತಿತ್ತಾ?"

"ಕಣ್ಣಿಗೆ ತಾನೇ ಪೊರೆ ಬಂದಿದ್ದು? ಬೆರಳಿಗೆ ಬಂದಿತ್ತಾ? ಮೊದಲ್ನೇ ದಿನಾನೇ ಗೊತ್ತಾತು."

"ಗೊತ್ತಿದ್ದೂ ಯಾಕೇ ಸುಮ್ನಿದ್ದೆ? ನಾನು ರಜೆ ಹಾಕ್ಲಿಲ್ಲ ಅಂತ ನಿನ್ನ ಕಣ್ಣು ಅಷ್ಟು ದಿನ ಕಾಯ್ತು ಅಂತ ನಾನು ಎಷ್ಟು ಸಂಕಟಪಟ್ಟಿದೀನಿ ಗೊತ್ತಾ?"

ಅಕ್ಕ ನಕ್ಕಳು. "ನಿನ್ನ ರಜೆ ನಂಗೊಂದು ನೆಪ ಕಣೇ. ನೀನು ಬರಲ್ಲ ಅಂತ ಗೊತ್ತಿದ್ದೇ ಕೇಳ್ತಿದ್ದೆ. ಬರಲ್ಲ ಅಂದಾಗೆಲ್ಲ ಒಳಗೊಳಗೇ ಸಮಾಧಾನ."

"ಯಾಕೆ?"

ಸೀರೆಯ ಮೇಲೆ ಅಂಗೈ ಇಟ್ಟುಕೊಂಡು ಅಕ್ಕ ಅಂಗಳದ ಕಡೆ ನೋಡಿದಳು. ಭಾವ ಇನ್ನೂ ಸುಳ್ಳು ಫೋನಿನಲ್ಲಿ ತಲೆಯಾಡಿಸುತ್ತಿದ್ದರು. "ಇಪ್ಪತ್ತೆಂಟು ವರ್ಷ ನಾನು ನೇಯ್ದಿದ್ದನ್ನ ಮಡಿಚಿ ತಗಂಡು ಹೋದ್ರು ಕಣೇ. ಒಂದು ದಿನಾನೂ ಬಿಡಿಸಿ ನೋಡ್ಲಿಲ್ಲ. ನನ್ನ ಕಣ್ಣು ಮಂಜಾದ ಮೇಲೆ ದಿನಾ ಬಂದು ನೋಡಿದ್ರು, ಒಂದೊಂದು ಎಳೆ. ಕಣ್ಣು ನೆಟ್ಟಗಾದ್ರೆ ಅದು ನಿಂತು ಹೋಗ್ತತಲ್ಲ ಅನ್ನಿಸ್ತಿತ್ತು."

"ಹುಚ್ಚಿ, ಕಣ್ಣೇ ಹೋಗಿದ್ರೆ?"

"ಅಷ್ಟು ಹುಚ್ಚಿ ಅಲ್ಲ. ಅದಕ್ಕೇ ನೀನು ಬಂದು ನಿಂತಾಗ ಸುಮ್ನೆ ಆಸ್ಪತ್ರೆಗೆ ಹೊರಟೆ" ಎಂದು ಲಾಳಿ ಎತ್ತಿಕೊಂಡಳು.

ಅಕ್ಕನ ಕಷ್ಟವನ್ನು ನಾನು ಎಲ್ಲೆಲ್ಲೋ ಹುಡುಕಿದ್ದೆ. ಅದು ಗಂಡ ಬಿಡಿಸಿ ನೋಡದ ಸೀರೆಗಳಲ್ಲಿತ್ತು ಎಂದು ನನ್ನ ಯಾವ ಬುದ್ಧಿಗೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಸ್ವಲ್ಪ ಹೊತ್ತು ನೇಯ್ದು, ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಎದ್ದಳು. ನಾನು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಎದ್ದವಳು ಮತ್ತೆ ಬಗ್ಗಿ, ವಾಸಿಯಾದ ಕಣ್ಣಿನಿಂದ ಎಳೆಗಳ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. ಎಲ್ಲವೂ ನೆಟ್ಟಗಿದ್ದವು. ಅದರಲ್ಲಿ ಒಂದನ್ನು ಆರಿಸಿ ಉಗುರಿನಿಂದ ಪಟ್ಟನೆ ಹರಿದಳು.

"ರೀ, ನಾನು ಸ್ನಾನಕ್ಕೆ ಹೋಗ್ತೀನಿ" ಎಂದು ಅಂಗಳಕ್ಕೆ ಕೇಳುವಂತೆ ಕೂಗಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಟೀ ಲೋಟ ಕೆಳಗಿಟ್ಟು, ಜೇಬು ತಡಕುತ್ತ ಒಳಗೆ ಬಂದರು. "ಮಂಜಿ, ನನ್ನ ಕನ್ನಡಕ ನೋಡ್ದೇನೇ?" ಎಂದು ಪಿಸುಗುಟ್ಟಿದರು.